ಕೂಡಿಡುವುದು ಬೇರೆ, ಅಣಿಯಾಗಿರುವುದು ಬೇರೆ

ಕಳೆದ ಅಮಾವಾಸ್ಯೆಯ ಶಿವಾನುಭವ ಗೋಷ್ಠಿಯಲ್ಲಿ ಆಯ್ದಕ್ಕಿ ಲಕ್ಕಮ್ಮನವರ ಚರಿತ್ರೆಯನ್ನು ಕುರಿತು ಪ್ರವಚನ ನಡೆದಿತ್ತು. ಮಂಗಳಾರತಿಯಾಗಿ ಜನರು ಏಳುವ ಹೊತ್ತಿಗೆ, ಹಿಂದಿನ ಸಾಲಿನಲ್ಲಿ ಕುಳಿತಿದ್ದ ತಾಯಿಯೊಬ್ಬರು ಎದ್ದುನಿಂತು, ಸೆರಗನ್ನು ಸರಿಪಡಿಸಿಕೊಂಡು, ಶ್ರೀಗಳವರಲ್ಲಿ ಎರಡು ಪ್ರಶ್ನೆಗಳನ್ನು ಬಿನ್ನವಿಸಿಕೊಂಡರು.

“ಬುದ್ಧಿ, ಲಕ್ಕಮ್ಮ ತಾಯಿ ಒಂದು ಹಿಡಿ ಹೆಚ್ಚಿನ ಅಕ್ಕಿಯನ್ನೂ ಮನೆಯಲ್ಲಿ ಇರಗೊಡಲಿಲ್ಲವೆಂದು ಅಪ್ಪಣೆಯಾಯಿತು. ನಮ್ಮದು ಮಲೆನಾಡಿನ ಹಳ್ಳಿ. ಮುಂಗಾರು ಹಿಡಿಯುವ ಮೊದಲೇ ಸೌದೆ, ಅಕ್ಕಿ, ಬೇಳೆಗಳನ್ನು ಒಳಗೆ ಸೇರಿಸದಿದ್ದರೆ ನಮ್ಮ ಒಲೆ ಉರಿಯುವುದಿಲ್ಲ. ಹೀಗೆ ಮಾಡುವುದು ಶರಣರಿಗೆ ಒಪ್ಪದ ಕೆಲಸವೆ? ಇನ್ನೊಂದು ಮಾತು: ನಮ್ಮ ಅತ್ತೆಯವರು ಹಾಸಿಗೆ ಹಿಡಿದು ಎರಡು ವರ್ಷವಾಯಿತು. ಅವರನ್ನು ಶುಚಿಮಾಡಿ, ಬಟ್ಟೆ ಬದಲಿಸಿ, ಗಂಜಿ ಕುಡಿಸಿ ಏಳುವಷ್ಟರಲ್ಲಿ ನನ್ನ ಪೂಜೆಯ ಹೊತ್ತು ಮೀರಿಹೋಗಿರುತ್ತದೆ. ಅದೇ ಕೈಯಿಂದ ಲಿಂಗವನ್ನು ಹಿಡಿಯಲು ಮನಸ್ಸು ಅಳುಕುತ್ತದೆ. ನಾನು ನೇಮ ತಪ್ಪಿದವಳಾದೆನೆ?”

ಸಭೆ ನಿಶ್ಶಬ್ದವಾಯಿತು. ಕೇಳಿದವರು ಒಬ್ಬರಾದರೂ ಪ್ರಶ್ನೆ ಅನೇಕ ಮನೆಗಳದಾಗಿತ್ತು. ಶ್ರೀಗಳವರು ಆ ತಾಯಿಗೆ ಅಲ್ಲಿಯೇ ಸಮಾಧಾನ ಹೇಳಿ, ವಿಚಾರವನ್ನು ವಿಸ್ತಾರವಾಗಿ ಬರೆಯಬೇಕೆಂದು ನಮಗೆ ಅಪ್ಪಣೆ ಮಾಡಿದರು. ಅದರಂತೆ ಈ ತಿಂಗಳ ಪಾಠವನ್ನು ಗೃಹಸ್ಥನ ಸನ್ನದ್ಧತೆಗೆ ಮೀಸಲಾಗಿಟ್ಟಿದ್ದೇವೆ.

1. ಲಕ್ಕಮ್ಮನವರು ಹಿಂದಿರುಗಿಸಿದುದು ಏನನ್ನು?

ಕಥೆ ಎಲ್ಲರಿಗೂ ತಿಳಿದುದೇ ಆಗಿದೆ. ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ಮಾರಯ್ಯ ಲಕ್ಕಮ್ಮ ದಂಪತಿಗಳು, ನೆಲಕ್ಕೆ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವ ಕಾಯಕವನ್ನು ಕೈಕೊಂಡಿದ್ದರು. ಆ ಅಕ್ಕಿಯಿಂದಲೇ ಜಂಗಮ ದಾಸೋಹ ನಡೆಯುತ್ತಿದ್ದಿತು. ಒಂದು ದಿನ ಮಾರಯ್ಯನವರು ನಿತ್ಯಕ್ಕಿಂತ ಹೆಚ್ಚಾಗಿ ತಂದರು. ಲಕ್ಕಮ್ಮನವರು ಅದನ್ನು ಒಪ್ಪದೆ, ಹೆಚ್ಚಿನದನ್ನು ತಂದಲ್ಲಿಯೇ ಸುರಿದು ಬರುವಂತೆ ಪತಿಯನ್ನು ಕಳುಹಿಸಿದರು.

ಇಲ್ಲಿ ಆಕೆ ನಿರಾಕರಿಸಿದುದು ಯಾವುದನ್ನು ಎಂಬುದನ್ನು ನಿಧಾನವಾಗಿ ನೋಡಬೇಕು. ಅಕ್ಕಿಯನ್ನು ಆಕೆ ನಿರಾಕರಿಸಲಿಲ್ಲ. ಅಡುಗೆಯ ಸಿದ್ಧತೆಯನ್ನೂ ನಿರಾಕರಿಸಲಿಲ್ಲ. ಜಂಗಮರು ಬರುವ ಹೊತ್ತಿಗೆ ಒಲೆ ಹೊತ್ತಿರಬೇಕು, ನೀರು ತುಂಬಿರಬೇಕು, ಅಕ್ಕಿಯಲ್ಲಿ ಕಲ್ಲು ಆರಿಸಿರಬೇಕು. ಇವೆಲ್ಲ ಮುಂಚಿತವಾಗಿ ಆಗದೆ ಯಾವ ಮನೆಯಲ್ಲಿಯೂ ದಾಸೋಹ ನಡೆಯಲಾರದು. ಆಕೆ ಹೊರಗೆ ಹಾಕಿದುದು ಅಳತೆ ಮೀರಿದ ಆಸೆಯನ್ನು. ಇನ್ನೊಬ್ಬ ಬಡವನು ಆಯ್ದುಕೊಳ್ಳಬಹುದಾಗಿದ್ದ ಕಾಳು ತನ್ನ ಮಡಕೆಯಲ್ಲಿ ಕೊಳೆಯಬಾರದೆಂಬ ನ್ಯಾಯಬುದ್ಧಿ ಅದು.

ಮೋಳಿಗೆಯ ಮಾರಯ್ಯನವರ ಕಥೆಯೂ ಇದನ್ನೇ ಸಾರುತ್ತದೆ. ರಾಜ್ಯವನ್ನು ತೊರೆದು ಕಲ್ಯಾಣಕ್ಕೆ ಬಂದು, ಕಾಡಿನಿಂದ ಸೌದೆಯ ಹೊರೆ ತಂದು ಮಾರಿ ದಾಸೋಹ ನಡೆಸಿದ ಶರಣರು ಅವರು. ಬಸವಣ್ಣನವರು ಅವರ ಮನೆಯಲ್ಲಿ ಅಂಬಲಿಯ ಪ್ರಸಾದವನ್ನು ಸ್ವೀಕರಿಸಿ, ಹೊನ್ನನ್ನು ಗುಟ್ಟಾಗಿ ಇಟ್ಟುಬಂದರೆಂದೂ, ಮಾರಯ್ಯನವರು ಅದನ್ನು ಕಂಡೊಡನೆ ಜಂಗಮರಿಗೆ ಹಂಚಿಬಿಟ್ಟರೆಂದೂ ಪರಂಪರೆ ಹೇಳುತ್ತದೆ. ದುಡಿಯದೆ ಬಂದ ಹೊನ್ನು ಮನೆಯಲ್ಲಿ ಒಂದು ದಿನವೂ ನಿಲ್ಲಲಿಲ್ಲ. ಅವರು ತಂದ ಸೌದೆಯಾದರೋ ಊರಿನ ಒಲೆಗಳನ್ನು ಉರಿಸಿತು. ಬಸವಣ್ಣನವರೇ ಬಿಜ್ಜಳನ ಭಂಡಾರಿಗಳಾಗಿದ್ದವರು. ಅವರ ಕೈಯಲ್ಲಿ ದೊಡ್ಡ ಭಂಡಾರವಿತ್ತು; ಅದು ತನ್ನದೆಂಬ ಭಾವ ಮಾತ್ರ ಅವರಲ್ಲಿರಲಿಲ್ಲ.

ಆದುದರಿಂದ ಕೂಡಿಡುವುದಕ್ಕೂ ಅಣಿಯಾಗಿರುವುದಕ್ಕೂ ಅಂತರವುಂಟು. ಕೂಡಿಡುವವನು ನಾಳೆಗೆ ಅಂಜಿ ಇಂದಿನವರ ಪಾಲನ್ನು ಬಚ್ಚಿಡುತ್ತಾನೆ. ಅಣಿಯಾಗಿರುವವನು ನಾಳೆ ಬಾಗಿಲಿಗೆ ಬರುವವರನ್ನು ನೆನೆದು ಇಂದೇ ಕೈಯಾಡಿಸುತ್ತಾನೆ. ಇವುಗಳನ್ನು ಗುರುತಿಸಲು ಮೂರು ಒರೆಗಲ್ಲುಗಳಿವೆ. ಮನೆಯಲ್ಲಿಟ್ಟ ವಸ್ತು ಸತ್ಯಶುದ್ಧ ಕಾಯಕದಿಂದ ಬಂದುದೆ? ಅದು ಅವಶ್ಯಕತೆಯ ಅಳತೆಯಲ್ಲಿದೆಯೆ? ನೆರೆಯವರು ಕಷ್ಟದಲ್ಲಿ ಬಂದು ಬೇಡಿದಾಗ ಅದರ ಬಾಗಿಲು ತೆರೆಯುತ್ತದೆಯೆ? ಈ ಮೂರಕ್ಕೂ ಅಹುದೆನ್ನುವ ಗೃಹಿಣಿಯ ಸೌದೆಮನೆಯನ್ನು ಲಕ್ಕಮ್ಮನವರು ನಿಶ್ಚಯವಾಗಿಯೂ ಮೆಚ್ಚುತ್ತಿದ್ದರು. ಬೆಲೆ ಏರಲೆಂದು ಬೇಳೆಯನ್ನು ಬಚ್ಚಿಟ್ಟ ವರ್ತಕನ ಮಳಿಗೆಯನ್ನು ಎಂದಿಗೂ ಮೆಚ್ಚುತ್ತಿರಲಿಲ್ಲ.

2. ಒಲೆಯ ವಿಚಾರ

ನಮ್ಮ ನಾಡಿನಲ್ಲಿ ಚಳಿ ಎಲ್ಲೆಡೆ ಒಂದೇ ಬಗೆಯದಲ್ಲ. ಬೀದರ ಕಲಬುರಗಿಗಳ ಕಡೆ ಡಿಸೆಂಬರ್ ಜನವರಿಗಳ ರಾತ್ರಿ ಒಣಚಳಿ ಕೊರೆಯುತ್ತದೆ. ಶಿವಮೊಗ್ಗ, ಚಿಕ್ಕಮಗಳೂರು, ಕೊಡಗುಗಳಲ್ಲಿ ಜೂನಿನಿಂದ ಸೆಪ್ಟೆಂಬರಿನವರೆಗೆ ಒದ್ದೆಚಳಿ. ಎರಡೂ ಕಡೆ ವೃದ್ಧರಿಗೆ, ಬಾಣಂತಿಗೆ, ಹಸುಗೂಸಿಗೆ ಬೆಚ್ಚಗಿನ ಮೂಲೆಯೊಂದು ಬೇಕು.

ಸೌದೆಯನ್ನು ಬೇಸಗೆಯಲ್ಲಿಯೇ ಸೀಳಿ ಒಣಗಿಸಬೇಕು. ಸೀಳಿದ ಕಟ್ಟಿಗೆ ಇಡಿಯ ಕೊರಡಿಗಿಂತ ಬೇಗ ಒಣಗುತ್ತದೆ. ನೆಲಕ್ಕೆ ತಾಗದಂತೆ ಕಲ್ಲಿನ ಮೇಲೆ ಅಡ್ಡಮರ ಹಾಸಿ, ಗಾಳಿಯಾಡುವಂತೆ ಜೋಡಿಸಿ, ಮೇಲೆ ಮಾತ್ರ ಹೊದಿಸಬೇಕು. ಹಸಿ ಕಟ್ಟಿಗೆಯ ಶಾಖವು ಅದರೊಳಗಿನ ನೀರನ್ನು ಆರಿಸುವುದರಲ್ಲಿಯೇ ವ್ಯಯವಾಗಿ, ಮನೆಗೆ ಹೊಗೆಯೇ ಉಳಿಯುತ್ತದೆ. ಆ ಹೊಗೆ ಕಣ್ಣನ್ನಷ್ಟೇ ಉರಿಸುವುದಿಲ್ಲ. ವರ್ಷಾನುಗಟ್ಟಲೆ ಅದನ್ನು ಕುಡಿದ ತಾಯಂದಿರಿಗೆ ಶ್ವಾಸಕೋಶದ ಬೇನೆ ಬರುವುದುಂಟು. ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಎಂಬ ಗ್ರಾಮೀಣ ತಂತ್ರಜ್ಞಾನ ವಿಭಾಗವು ಇದಕ್ಕಾಗಿಯೇ ಹೊಗೆಕೊಳವೆಯುಳ್ಳ ಅಸ್ತ್ರ ಒಲೆಯನ್ನು ರೂಪಿಸಿತು. ಸೌದೆಯ ಒಲೆ ಇರುವ ಮನೆಯಲ್ಲಿ ಹೊಗೆ ಹೊರಗೆ ಹೋಗುವ ದಾರಿ ಇದ್ದೇ ತೀರಬೇಕು. ಇನ್ನು ಸೌದೆಯ ರಾಶಿಯಲ್ಲಿ ಹಾವು ಸೇರುವುದುಂಟಾದುದರಿಂದ ಕತ್ತಲಲ್ಲಿ ಬರಿಗೈ ಚಾಚಬಾರದು. ಕಚ್ಚಿದರೆ ಕೊಯ್ಯುವುದು, ಬಿಗಿಯಾಗಿ ಕಟ್ಟುವುದು, ಮಂತ್ರ ಹಾಕಿಸುವುದು ಇವುಗಳಲ್ಲಿ ಹೊತ್ತು ಕಳೆಯದೆ, ಕಚ್ಚಿದ ಅಂಗವನ್ನು ಅಲುಗಿಸದಂತಿರಿಸಿ ಆಸ್ಪತ್ರೆಗೆ ಒಯ್ಯಬೇಕು.

ಇಲ್ಲಿ ಎಲ್ಲಕ್ಕಿಂತ ಒತ್ತಿ ಹೇಳಬೇಕಾದ ಮಾತೊಂದಿದೆ. ಬಾಣಂತಿಯ ಕೋಣೆಯಲ್ಲಿ, ಮುದುಕರ ಮಂಚದ ಬಳಿಯಲ್ಲಿ ಅಗ್ಗಿಷ್ಟಿಕೆಯನ್ನಿಟ್ಟು, ಗಾಳಿ ಬಾರದಂತೆ ಕಿಟಕಿ ಬಾಗಿಲುಗಳನ್ನು ಮುಚ್ಚಿ ಮಲಗುವ ವಾಡಿಕೆ ಹಲವೆಡೆ ಉಂಟು. ಕೆಂಡ ಹೊಗೆಯಾಡುತ್ತಿಲ್ಲ, ಆದುದರಿಂದ ಅಪಾಯವಿಲ್ಲವೆಂದು ಜನ ಭಾವಿಸುತ್ತಾರೆ. ಇದು ಮಾರಕವಾದ ಭ್ರಮೆ. ಹೊಗೆಯಿಲ್ಲದ ಕೆಂಡದಿಂದಲೂ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಗಾಳಿ ಹೊರಡುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತವು ಪ್ರಾಣವಾಯುವನ್ನು ಹೊರುವ ಶಕ್ತಿಯನ್ನು ಅದು ಕಸಿದುಕೊಳ್ಳುತ್ತದೆ. ತಲೆನೋವು, ಓಕರಿಕೆ, ತೂಕಡಿಕೆಗಳಿಂದ ತೊಡಗಿ, ಮಲಗಿದವರು ಮಲಗಿದಂತೆಯೇ ಪ್ರಾಣ ಬಿಡುತ್ತಾರೆ. ಸ್ನಾನಗೃಹದೊಳಗೆ ಗ್ಯಾಸಿನ ಗೀಸರನ್ನಿಟ್ಟು ಬಾಗಿಲು ಮುಚ್ಚಿಕೊಂಡವರಿಗೂ ಇದೇ ಗತಿಯಾದುದುಂಟು. ಆದುದರಿಂದ ಮಲಗುವ ಕೋಣೆಯಲ್ಲಿ ರಾತ್ರಿ ಕೆಂಡವಿರಬಾರದು. ಗ್ಯಾಸಿನ ಗೀಸರು ಸ್ನಾನಗೃಹದ ಹೊರಗೆ, ಗಾಳಿಯಾಡುವೆಡೆ ಇರಬೇಕು. ಮನೆಯ ಅನೇಕರಿಗೆ ಏಕಕಾಲದಲ್ಲಿ ತಲೆ ಸಿಡಿಯತೊಡಗಿದರೆ ಕಾರಣವನ್ನು ಚರ್ಚಿಸುತ್ತ ಕೂರದೆ, ಎಲ್ಲರೂ ಬಯಲಿಗೆ ಬಂದು ವೈದ್ಯರನ್ನು ಕಾಣಬೇಕು.

ಹಾಗಾದರೆ ಮುದುಕರನ್ನು ಬೆಚ್ಚಗಿಡುವುದು ಹೇಗೆ? ನಮ್ಮ ಕುರಿಯ ಕಂಬಳಿಗೆ ಸಮನಾದುದು ಇಲ್ಲ. ಮಂಚದ ಮೇಲೆ ಹೊದೆಯಲು ಒಂದು, ಕೆಳಗೆ ಹಾಸಲು ಒಂದು, ತಲೆಗೆ ಟೋಪಿ, ಕಾಲಿಗೆ ಚೀಲ, ಮಲಗುವ ಮೊದಲು ಬಿಸಿ ಗಂಜಿ. ಇಷ್ಟಿದ್ದರೆ ಬಹುಪಾಲು ಸಾಕು. ಬಿಸಿನೀರಿನ ಚೀಲವನ್ನಿಡುವುದಾದರೆ ದಪ್ಪ ಬಟ್ಟೆ ಸುತ್ತಿ ಕೊಂಚ ದೂರದಲ್ಲಿಡಬೇಕು. ಸಕ್ಕರೆ ಕಾಯಿಲೆಯವರ ಪಾದಕ್ಕೆ ಸ್ಪರ್ಶಜ್ಞಾನ ಕುಂದಿರುವುದುಂಟು. ಚರ್ಮ ಸುಟ್ಟರೂ ಅವರಿಗೆ ತಿಳಿಯುವುದಿಲ್ಲ. ಸುಟ್ಟ ಗಾಯಕ್ಕೆ ಒಡನೆಯೇ 20 ನಿಮಿಷಗಳ ಕಾಲ ತಣ್ಣೀರನ್ನು ಹರಿಸಬೇಕು. ಅರಿಸಿನ, ಶಾಯಿ, ಹಲ್ಲುಪುಡಿಗಳನ್ನು ಬಳಿಯಬಾರದು. ಭಕ್ತಿಯಿಂದ ವಿಭೂತಿಯನ್ನು ಹಚ್ಚುವವರೂ ಇದ್ದಾರೆ. ವಿಭೂತಿಯ ಸ್ಥಾನ ಹಣೆ. ಸುಟ್ಟ ಗಾಯದ ಮೇಲೆ ಅದನ್ನು ಬಳಿಯತಕ್ಕದ್ದಲ್ಲ.

ಗ್ಯಾಸಿನ ಒಲೆ ಇಂದು ಹಳ್ಳಿಗಳಿಗೂ ಬಂದಿದೆ. ಈ ಅನಿಲ ಗಾಳಿಗಿಂತ ಭಾರವಾದುದು. ಸೋರಿದರೆ ನೆಲದ ಮಟ್ಟದಲ್ಲಿ ಹರಡಿ ನಿಲ್ಲುತ್ತದೆ. ಸೋರಿಕೆ ತಿಳಿಯಲೆಂದೇ ಅದಕ್ಕೆ ಕೆಟ್ಟ ವಾಸನೆಯನ್ನು ಬೆರೆಸಿರುತ್ತಾರೆ. ವಾಸನೆ ಬಂದೊಡನೆ ದೀಪದ ಗುಂಡಿಯನ್ನು ಒತ್ತಲೂಬಾರದು, ಆರಿಸಲೂಬಾರದು. ಪೂಜೆಯ ಜ್ಯೋತಿಯನ್ನು ನಂದಿಸಿ, ರೆಗ್ಯುಲೇಟರನ್ನು ಮುಚ್ಚಿ, ಬಾಗಿಲು ಕಿಟಕಿಗಳನ್ನು ತೆರೆದು, ಮನೆಯವರನ್ನು ಹೊರಗೆ ಕರೆತಂದು, ಹೊರಗಿನಿಂದ 1906ಕ್ಕೆ ಫೋನು ಮಾಡಬೇಕು. ಸಿಲಿಂಡರು ಯಾವಾಗಲೂ ನೆಟ್ಟಗೆ ನಿಂತಿರಬೇಕು. ಒಲೆ ಅದಕ್ಕಿಂತ ಎತ್ತರದಲ್ಲಿರಬೇಕು. ರಬ್ಬರ್ ಕೊಳವೆಯ ಮೇಲೆ ಅಚ್ಚಾದ ಅವಧಿ ಮುಗಿಯುವ ಮೊದಲೇ ಅದನ್ನು ಬದಲಿಸಬೇಕು.

3. ಗೂಡಿನಲ್ಲಿ ಇರಬೇಕಾದ ನಾಲ್ಕು ವಸ್ತು

ಮಳೆಗಾಳಿಗೆ ದೀಪ ಹೋಗುತ್ತದೆ. ಹಳ್ಳ ತುಂಬಿ ದಾರಿ ಕಡಿಯುತ್ತದೆ. ಅರ್ಧರಾತ್ರಿಯಲ್ಲಿ ಮಗುವಿಗೆ ವಾಂತಿಭೇದಿಯಾಗುತ್ತದೆ. ಆಗ ಹುಡುಕಾಡುವ ಮನೆಯಲ್ಲಿ ಮಾತು ಕೆಡುತ್ತದೆ, ಸಿಟ್ಟು ಏರುತ್ತದೆ, ಹೊತ್ತು ಹಾಳಾಗುತ್ತದೆ. ಕತ್ತಲಲ್ಲಿಯೂ ಕೈಗೆ ಸಿಗುವ ಒಂದೇ ಗೂಡಿನಲ್ಲಿ ನಾಲ್ಕು ವಸ್ತುಗಳಿರಲಿ.

ಮೊದಲನೆಯದು ಬೆಳಕು: ಬ್ಯಾಟರಿ, ಬೆಂಕಿಪೆಟ್ಟಿಗೆ, ಮೇಣದಬತ್ತಿ. ಎರಡನೆಯದು ಭೇದಿಗೆ ಕೊಡುವ ಜೀವಜಲದ ಪೊಟ್ಟಣಗಳು. ಪೊಟ್ಟಣದ ಮೇಲೆ ಬರೆದಷ್ಟೇ ಶುದ್ಧ ನೀರಿನಲ್ಲಿ ಅದನ್ನು ಕಲಸಬೇಕು. ಪೊಟ್ಟಣವಿಲ್ಲದಿದ್ದರೆ ಕುದಿಸಿ ಆರಿಸಿದ 1 ಲೀಟರು ನೀರಿಗೆ ಸಮತಟ್ಟಾದ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಬೆರೆಸಿ ಗುಟುಕು ಗುಟುಕಾಗಿ ಕುಡಿಸಬೇಕು. ಉಪ್ಪು ಹೆಚ್ಚಾದರೆ ಮಗುವಿಗೆ ಕೇಡು, ಅಳತೆ ತಪ್ಪಬಾರದು. ಮೂರನೆಯದು ದಿನನಿತ್ಯ ಔಷಧ ಸೇವಿಸುವವರ ಗುಳಿಗೆಗಳು. ಇವು ಮುಗಿದ ಮೇಲೆ ಪೇಟೆಗೆ ಹೊರಡುವುದಲ್ಲ. ಒಂದು ವಾರದ ಗುಳಿಗೆ ಉಳಿದಿರುವಾಗಲೇ ತರಬೇಕು. ನಾಲ್ಕನೆಯದು ಒಂದು ಹಾಳೆ. ಅದರಲ್ಲಿ ಮನೆಯ ಪ್ರತಿಯೊಬ್ಬರ ಕಾಯಿಲೆ, ಔಷಧದ ಹೆಸರು, ಹೊತ್ತು, ಒಗ್ಗದ ಔಷಧ ಇವುಗಳನ್ನು ಬರೆದಿರಬೇಕು. ಜೊತೆಗೆ ಅಂಬುಲೆನ್ಸಿನ 108, ತುರ್ತಿನ 112, ಊರಿನ ವಾಹನವುಳ್ಳ ಇಬ್ಬರ ಸಂಖ್ಯೆ. ಓದಬಲ್ಲ ಯಾರಿಗಾದರೂ ತಿಳಿಯುವಂತೆ ದಪ್ಪ ಅಕ್ಷರದಲ್ಲಿ ಬರೆಯಿರಿ. ತುರ್ತಿನ ಹೊತ್ತಿನಲ್ಲಿ ಮನೆಯಲ್ಲಿರುವವನು 10 ವರ್ಷದ ಹುಡುಗನೇ ಆಗಿರಬಹುದು.

4. ಕೊಳೆ ಬೇರೆ, ಸೂತಕ ಬೇರೆ

ಈಗ ಆ ತಾಯಿಯ ಎರಡನೆಯ ಪ್ರಶ್ನೆಗೆ ಬರೋಣ. ಜನನ, ಮರಣ, ರಜಸ್ಸು, ಉಚ್ಛಿಷ್ಟ, ಜಾತಿ ಎಂಬ ಐದು ಸೂತಕಗಳನ್ನು ಲೋಕವು ಎಣಿಸುತ್ತ ಬಂದಿತು. ಅಂಗದ ಮೇಲೆ ಲಿಂಗ ನೆಲಸಿದ ಬಳಿಕ ಈ ಐದೂ ಇಲ್ಲವೆಂದು ಶರಣರು ಸಾರಿದರು. ಇದು ಬರಿಯ ವಾದದ ವಿಷಯವಲ್ಲ. ಇದರ ನಿಜವಾದ ಪರೀಕ್ಷೆ ರೋಗಿಯ ಹಾಸಿಗೆಯ ಬಳಿಯಲ್ಲಿ ನಡೆಯುತ್ತದೆ. ಮಲಮೂತ್ರವನ್ನು ಎತ್ತಿದ ಕೈಗೆ ಕೊಳೆ ಅಂಟಿರುತ್ತದೆ. ಅದನ್ನು ಸಾಬೂನೂ ನೀರೂ ತೊಳೆಯುತ್ತವೆ, ತೊಳೆಯಲೇಬೇಕು. ಆ ಕೈಗೆ ಸೂತಕವಂತೂ ಅಂಟುವುದಿಲ್ಲ. ತೊಳೆದ ಕೈ ಲಿಂಗವನ್ನು ಹಿಡಿಯಲು ಪೂರ್ಣ ಯೋಗ್ಯವಾದುದು. ಪಂಚಾಚಾರಗಳಲ್ಲಿ ಭೃತ್ಯಾಚಾರವೊಂದಿದೆಯಷ್ಟೆ? ತಾನು ಎಲ್ಲರಿಗಿಂತ ಕಿರಿಯನೆಂದು ಸೇವೆಯಲ್ಲಿ ನಿಲ್ಲುವುದೇ ಅದರ ತಿರುಳು. ಸಭೆಯಲ್ಲಿ ತಲೆಬಾಗುವುದು ಸುಲಭ. ಹಾಸಿಗೆ ಹಿಡಿದವರ ಬಟ್ಟೆ ಒಗೆಯುವಾಗ ತಲೆಬಾಗುವುದೇ ಭೃತ್ಯಾಚಾರ.

ಹಾಸಿಗೆ ಹಿಡಿದವರ ಸೇವೆಯಲ್ಲಿ ಭಕ್ತಿಯೊಡನೆ ತಿಳಿವೂ ಬೇಕು. ತಾವಾಗಿ ಹೊರಳಲಾರದವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಇಲ್ಲವಾದರೆ ಸೊಂಟದ ಹಿಂಬದಿ, ಹಿಮ್ಮಡಿ, ಭುಜದ ಎಲುಬು ಇವೆಡೆ ಒತ್ತಡದಿಂದ ಹುಣ್ಣಾಗುತ್ತದೆ. ಚರ್ಮ ಕೆಂಪಾಗಿ, ಬೆರಳಿನಿಂದ ಒತ್ತಿದರೂ ಬಿಳಿಚದಿದ್ದರೆ ಅದು ಹುಣ್ಣಿನ ಮುನ್ಸೂಚನೆ. ಅಲ್ಲಿ ಉಜ್ಜಬಾರದು, ವೈದ್ಯರಿಗೆ ತೋರಿಸಬೇಕು. ಹಾಸು ಒಣಗಿರಬೇಕು, ಸುಕ್ಕಿರಬಾರದು. ಗಾಳಿ ತುಂಬುವ ಹಾಸಿಗೆಯೂ ನೆರವಾಗುತ್ತದೆ. ಅದಿದ್ದರೂ ಮಗ್ಗುಲು ಬದಲಿಸುವುದನ್ನು ಬಿಡುವಂತಿಲ್ಲ.

ಉಣಿಸುವಾಗ ಬೆನ್ನಿಗೆ ಒರಗು ಕೊಟ್ಟು ಕುಳ್ಳಿರಿಸಿ, ಚಿಕ್ಕ ಚಮಚದಲ್ಲಿ, ಒಂದು ತುತ್ತು ಇಳಿದ ಮೇಲೆ ಇನ್ನೊಂದನ್ನು ಕೊಡಬೇಕು. ಉಂಡ ಮೇಲೆಯೂ ಅರ್ಧ ಗಂಟೆ ಹಾಗೆಯೇ ಇರಿಸಬೇಕು. ಮಂಪರಿನಲ್ಲಿರುವವರಿಗೆ, ಎಚ್ಚರ ತಪ್ಪಿದವರಿಗೆ ಏನನ್ನೂ ಕುಡಿಸಬಾರದು; ಕುಡಿಸಿದುದು ಶ್ವಾಸನಾಳಕ್ಕೆ ಇಳಿದು ಪ್ರಾಣಕ್ಕೆ ಎರವಾಗಬಹುದು. ಇಂತಹ ಹೊತ್ತಿನಲ್ಲಿ ಬಂಧುಗಳು ಪಾದೋದಕವನ್ನು ಬಾಯಿಗೆ ಎರೆಯುವುದುಂಟು. ಅವರ ಭಾವ ದೊಡ್ಡದು; ಆದರೆ ತುಟಿಗೆ ಸೋಂಕಿಸಿದರೆ ಸಾಕು, ಎರೆಯುವುದು ಬೇಡ. ಪಾದೋದಕದ ಮಹಿಮೆ ಅದರ ಪ್ರಮಾಣದಲ್ಲಿಲ್ಲ.

ಲಕ್ವ ಹೊಡೆದಾಗಲಂತೂ ಗಳಿಗೆ ಗಳಿಗೆಯೂ ಬೆಲೆಯುಳ್ಳದ್ದು. ಮುಖ ಒಂದು ಕಡೆಗೆ ಜೋತುಬಿದ್ದರೆ, ಒಂದು ಕೈ ಮೇಲೇಳದಿದ್ದರೆ, ಮಾತು ತೊದಲಿದರೆ ಅದೇ ಲಕ್ವದ ಗುರುತು. ರೋಗಿ ಕೊನೆಯ ಸಲ ಸರಿಯಾಗಿದ್ದುದು ಎಷ್ಟು ಗಂಟೆಗೆ ಎಂಬುದನ್ನು ನೆನಪಿಟ್ಟುಕೊಂಡು, ತಲೆಯ ಸ್ಕ್ಯಾನ್ ಇರುವ ಆಸ್ಪತ್ರೆಗೆ ಒಯ್ಯಬೇಕು. ರಕ್ತದ ಹೆಪ್ಪನ್ನು ಕರಗಿಸುವ ಔಷಧವನ್ನು ಸಾಮಾನ್ಯವಾಗಿ ಮೊದಲ ನಾಲ್ಕೂವರೆ ಗಂಟೆಗಳೊಳಗೆ ಮಾತ್ರ ಕೊಡಲಾಗುತ್ತದೆ. ಪಾರ್ಶ್ವವಾಯುವಿಗೆ ನಾಟಿ ಎಣ್ಣೆ ತರಲು ದೂರದ ಊರಿಗೆ ಹೋದವರು ಹಿಂದಿರುಗುವಷ್ಟರಲ್ಲಿ ಈ ಅವಧಿ ಕಳೆದುಹೋಗಿರುತ್ತದೆ.

5. ಮರೆತವರನ್ನು ನಾವು ಮರೆಯಬಾರದು

ದೇಹದ ಸೇವೆಗಿಂತ ಕಠಿಣವಾದುದು ಮರೆವಿನ ರೋಗ ಬಂದವರ ಸೇವೆ. ಉಂಡುದನ್ನು ಮರೆತು ‘ಸೊಸೆ ಅನ್ನ ಹಾಕಲಿಲ್ಲ’ವೆಂದು ಅತ್ತೆ ನೆರೆಯವರಲ್ಲಿ ದೂರುತ್ತಾರೆ. ಮಗನನ್ನೇ ಗುರುತಿಸದೆ ತಂದೆ ‘ನೀನಾರು?’ ಎನ್ನುತ್ತಾರೆ. ಅರ್ಧರಾತ್ರಿಯಲ್ಲಿ ಬಾಗಿಲು ತೆರೆದು, ಎಂದೋ ಬಿಟ್ಟುಬಂದ ಹುಟ್ಟೂರಿಗೆ ಹೊರಡುತ್ತಾರೆ. ಇದು ಹಟವಲ್ಲ, ಕುಹಕವೂ ಅಲ್ಲ, ಮಿದುಳಿನ ಕಾಯಿಲೆ. ವಾದಿಸಿ ಗೆಲ್ಲಲು ಬಾರದು. ‘ಈಗ ತಾನೆ ಉಂಡಿರಲ್ಲ’ ಎಂದು ಗದರುವುದಕ್ಕಿಂತ, ‘ಆಗಲಿ ತಾಯಿ, ಒಂದಿಷ್ಟು ಮಜ್ಜಿಗೆ ಕುಡಿಯಿರಿ’ ಎನ್ನುವುದು ಮೇಲು. ಬಾಗಿಲ ಅಗಳಿಯನ್ನು ಅವರ ಕಣ್ಣಿಗೆ ಸುಲಭವಾಗಿ ಬೀಳದ ಎತ್ತರದಲ್ಲಿರಿಸಬೇಕು. ಮನೆಯ ಫೋನಿನ ಸಂಖ್ಯೆ ಬರೆದ ಚೀಟಿಯನ್ನು ಅವರ ಬಟ್ಟೆಗೆ ಹೊಲಿದಿರಬೇಕು. ಮಲಗುವ ಕೋಣೆಯಿಂದ ಬಚ್ಚಲಿನವರೆಗೆ ರಾತ್ರಿ ಮಂದದೀಪವಿರಬೇಕು. ಬಚ್ಚಲಿನ ನೆಲ ಜಾರದಂತಿರಬೇಕು. ಗೋಡೆಗೆ ಹಿಡಿಕೆ ಬೇಕು. ಗ್ಯಾಸಿನ ಒಲೆ, ಔಷಧಗಳು ಅವರ ಕೈಗೆಟುಕದಂತಿರಬೇಕು.

ಎಲ್ಲವನ್ನೂ ಮರೆತವರೂ ಲಿಂಗಪೂಜೆಯ ಹೊತ್ತಿಗೆ ಶಾಂತರಾಗಿ ಅಂಗೈ ಚಾಚುವುದುಂಟು. ಬಾಲ್ಯದಿಂದ ಬಂದ ಅಭ್ಯಾಸ ಕೊನೆಗೆ ಮಾಸುತ್ತದೆ. ಅವರಿಗೆ ವಿಭೂತಿ ಧರಿಸಿ, ಅಂಗೈಯ ಕೆಳಗೆ ನಮ್ಮ ಅಂಗೈಯ ಆಸರೆ ಕೊಟ್ಟು ಪೂಜೆ ಮಾಡಿಸಿರಿ. ಮಂತ್ರವನ್ನು ಅವರ ಕಿವಿಯ ಬಳಿ ಮೆಲ್ಲನೆ ನುಡಿಯಿರಿ. ಅವರು ಮರೆತ ನೇಮವನ್ನು ಮನೆಯವರು ನೆನಪಿಟ್ಟು ನಡೆಸುವುದೂ ಸೇವೆಯೇ ಆಗಿದೆ.

6. ಒಬ್ಬಳ ಹೆಗಲ ಮೇಲಿನ ದಾಸೋಹ ದಾಸೋಹವಲ್ಲ

ಅನೇಕ ಮನೆಗಳಲ್ಲಿ ಕಾಣುವ ಒಂದು ಅನ್ಯಾಯವನ್ನು ಇಲ್ಲಿ ಹೇಳದೆ ಬಿಡುವಂತಿಲ್ಲ. ತಾಯಿಗೆ ಮೂವರು ಗಂಡುಮಕ್ಕಳು. ಒಬ್ಬನು ಪೇಟೆಯಿಂದ ಹಣ ಕಳುಹಿಸುತ್ತಾನೆ. ಇನ್ನೊಬ್ಬನು ಹಬ್ಬಕ್ಕೆ ಬಂದು ಕಣ್ಣೀರು ಹಾಕಿ ಹೋಗುತ್ತಾನೆ. ಊರಿನಲ್ಲಿರುವವನು ಹೊಲಕ್ಕೆ ಹೋಗುತ್ತಾನೆ. ಹಗಲಿರುಳು ಹಾಸಿಗೆಯ ಬಳಿ ಉಳಿದವಳು ಒಬ್ಬಳೇ ಸೊಸೆ. ಆಕೆಗೆ ನಿದ್ದೆಯಿಲ್ಲ, ತವರಿಗೆ ಹೋಗುವಂತಿಲ್ಲ, ಬೆನ್ನುನೋವಿಗೆ ಮದ್ದು ತರಲೂ ಬಿಡುವಿಲ್ಲ. ಒಂದು ದಿನ ಸಿಡುಕಿದರೆ ‘ಸೊಸೆ ಒರಟು’ ಎಂಬ ಮಾತು ಮಾತ್ರ ಊರಿಗೆ ಹಬ್ಬುತ್ತದೆ.

ಕಾಯಕ ಎಲ್ಲರಿಗೂ ಕಡ್ಡಾಯವೆಂದು ನುಡಿದ ಧರ್ಮದಲ್ಲಿ ರೋಗಿಯ ಸೇವೆಯು ಹೆಣ್ಣೊಬ್ಬಳ ಕಾಯಕವಾಗಿ ಉಳಿಯುವುದು ಶರಣರಿಗೆ ಒಪ್ಪಿಗೆಯಾಗದು. ಮಗ್ಗುಲು ಬದಲಿಸುವುದು, ಬಟ್ಟೆ ಒಗೆಯುವುದು, ರಾತ್ರಿ ಎಚ್ಚರವಿರುವುದು ಇವು ಗಂಡಸಿನಿಂದಾಗದ ಕೆಲಸಗಳಲ್ಲ. ಸರದಿಯನ್ನು ಗೊತ್ತುಮಾಡಿ ಗೋಡೆಯ ಮೇಲೆ ಬರೆಯಿರಿ. ಹಣ ಕಳುಹಿಸುವ ಮಗನು ವರ್ಷಕ್ಕೆ ಕೆಲವು ವಾರಗಳಾದರೂ ಬಂದು ತಾಯಿಯ ಬಳಿ ಮಲಗಲಿ. ವಾರಕ್ಕೊಂದು ದಿನ ಸೇವೆಯಲ್ಲಿರುವವರಿಗೆ ಬಿಡುವು ಸಿಗಲಿ. ನೆರೆಯ ಶರಣ ಬಂಧುಗಳೂ ಒಂದೆರಡು ಗಂಟೆ ಕುಳಿತುಕೊಳ್ಳಲು ಬಂದರೆ ಅದೇ ನಿಜವಾದ ಗಣಾಚಾರ.

ಸೇವೆ ಮಾಡುವವರ ಮನಸ್ಸಿನಲ್ಲಿ ‘ಇವರು ಬೇಗ ಹೋಗಬಾರದೆ’ ಎಂಬ ಯೋಚನೆ ಸುಳಿಯುವುದುಂಟು. ಬಳಿಕ ಪಾಪಭಯದಿಂದ ಅವರು ಕೊರಗುವುದುಂಟು. ಅದು ದ್ವೇಷದ ಗುರುತಲ್ಲ, ಬಳಲಿಕೆಯ ಗುರುತು. ಬಾಯಿಬಿಟ್ಟು ಹೇಳಿಕೊಳ್ಳುವುದಕ್ಕೆ ಒಬ್ಬರು ಬೇಕು. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಎಂಬ ಸೇವೆಗೆ 14416 ಸಂಖ್ಯೆಯಲ್ಲಿ ಫೋನು ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ವೃದ್ಧರ ಯಾವುದೇ ತೊಂದರೆಗೆ 14567 ಎಂಬ ಸಹಾಯವಾಣಿಯಿದೆ. ತಂದೆತಾಯಿಗಳನ್ನು ಮಕ್ಕಳು ಪೋಷಿಸಬೇಕೆಂಬ ಶಾಸನವೂ 2007ರಲ್ಲಿ ಬಂದಿದೆ. ಕೈಬಿಡಲ್ಪಟ್ಟ ವೃದ್ಧರು ಉಪವಿಭಾಗಾಧಿಕಾರಿಗಳಲ್ಲಿ ಅರ್ಜಿ ಸಲ್ಲಿಸಬಹುದು. ಆದರೆ ಶಾಸನವು ಮಗನಿಂದ ಹಣವನ್ನು ಕೊಡಿಸಬಲ್ಲುದೇ ಹೊರತು ತಾಯಿಯ ಕಾಲನ್ನು ಒತ್ತಿಸಲಾರದು. ಅದನ್ನು ಮಾಡಿಸಬಲ್ಲುದು ಆಚಾರವೊಂದೇ.

7. ನೇಮದ ಪ್ರಶ್ನೆ

ನುಲಿಯ ಚಂದಯ್ಯನವರು ಹಗ್ಗ ಹೊಸೆಯಲು ಹುಲ್ಲು ಕೊಯ್ಯುತ್ತಿದ್ದಾಗ ಲಿಂಗವು ಅಂಗದಿಂದ ಜಾರಿತೆಂದೂ, ಅವರು ಕಾಯಕವನ್ನು ನಿಲ್ಲಿಸಲಿಲ್ಲವೆಂದೂ ಪರಂಪರೆಯ ಕಥೆ ಹೇಳುತ್ತದೆ. ಪೂಜೆ ಬೇಡವೆಂಬುದು ಈ ಕಥೆಯ ಅರ್ಥವಲ್ಲ. ಕಾಯಕವು ಲಿಂಗಕ್ಕೂ ತಪ್ಪದೆಂಬಷ್ಟು ಪವಿತ್ರವೆಂಬುದು ಅದರ ಅರ್ಥ. ಅತ್ತೆ ನೋವಿನಿಂದ ಕರೆಯುತ್ತಿರುವಾಗ ಪೂಜೆಯ ಕೋಣೆಯ ಬಾಗಿಲು ಮುಚ್ಚಿಕೊಂಡವರಿಗಿಂತ, ಪೂಜೆಯಿಂದೆದ್ದು ಹೋಗಿ ಅವರ ಮಗ್ಗುಲು ಬದಲಿಸಿ ಬಂದವರು ಲಿಂಗಕ್ಕೆ ಹೆಚ್ಚು ಸಮೀಪದಲ್ಲಿದ್ದಾರೆ.

ಇನ್ನು ಹೊತ್ತಿನ ಮಾತು. ಶರಣರು ನಮಗೆ ಕೊಟ್ಟುದು ಅಂಗೈಯಲ್ಲಿ ಹಿಡಿಯುವ ಲಿಂಗ. ಅದಕ್ಕೆ ಗುಡಿಯ ಗಂಟೆಯಿಲ್ಲ, ಅರ್ಚಕನ ಬಿಡುವನ್ನು ಕಾಯಬೇಕಾಗಿಲ್ಲ. ಹೊತ್ತು ಮೀರಿತೆಂದು ಪೂಜೆಯನ್ನು ಕೈಬಿಡಬೇಕಾಗಿಲ್ಲ; ಹೊತ್ತನ್ನು ಬದಲಿಸಿಕೊಂಡರಾಯಿತು. ಅತ್ತೆ ನಿದ್ದೆ ಹೋದ ಮಧ್ಯಾಹ್ನದ ಗಳಿಗೆಯಲ್ಲಿ, ಅವರ ಮಂಚದ ಪಕ್ಕದಲ್ಲಿಯೇ ಕುಳಿತು ಮಾಡಿದ ಪೂಜೆ ಪೂಜೆಯೇ. ಆದುದರಿಂದ ಆ ತಾಯಿ ನೇಮ ತಪ್ಪಿದವರಲ್ಲ. ಅವರ ಸೌದೆಮನೆಯೂ ಕೂಡಿಟ್ಟ ಭಂಡಾರವಲ್ಲ. ಮಳೆಗಾಲದ ರಾತ್ರಿಯಲ್ಲಿ ಆ ಹಾಸಿಗೆಯ ಬಳಿ ಒಂದು ಲೋಟ ಬಿಸಿ ಗಂಜಿ ಒದಗುವುದು ಅದೇ ಸೌದೆಯಿಂದ. ಅವರು ಕೇಳಿದ ಎರಡು ಪ್ರಶ್ನೆಗಳಿಗೂ ಉತ್ತರ ಅವರ ಮನೆಯಲ್ಲಿಯೇ ದಿನವೂ ನಡೆಯುತ್ತಿದೆ.

ಮನನಕ್ಕೆ ಮತ್ತು ಆಚರಣೆಗೆ

ಮುಂದಿನ ಅಮಾವಾಸ್ಯೆಯೊಳಗೆ ಪ್ರತಿಯೊಂದು ಮನೆಯವರೂ ಈ ಐದನ್ನು ನೆರವೇರಿಸಬೇಕೆಂದು ಪ್ರಾರ್ಥನೆ.

ಒಂದು: ಮಲಗುವ ಕೋಣೆಯಿಂದ ಅಗ್ಗಿಷ್ಟಿಕೆಯನ್ನು ಹೊರಗಿಟ್ಟು, ಆ ಜಾಗಕ್ಕೆ ಕಂಬಳಿಯನ್ನು ತನ್ನಿರಿ.

ಎರಡು: ಗ್ಯಾಸಿನ ಕೊಳವೆಯ ಅವಧಿಯನ್ನು ಓದಿರಿ, ಗೀಸರಿನ ಸ್ಥಾನವನ್ನು ಪರೀಕ್ಷಿಸಿರಿ.

ಮೂರು: ಗೂಡಿನ ನಾಲ್ಕು ವಸ್ತುಗಳನ್ನು ಅಣಿಗೊಳಿಸಿ, ಮನೆಯ ಮಕ್ಕಳಿಗೆ ಕಣ್ಣುಮುಚ್ಚಿ ಅವನ್ನು ತೆಗೆಯುವ ಅಭ್ಯಾಸ ಮಾಡಿಸಿರಿ.

ನಾಲ್ಕು: ಮನೆಯಲ್ಲಿ ರೋಗಿಗಳಿದ್ದರೆ ಸೇವೆಯ ಸರದಿಯನ್ನು ಬರೆಯಿರಿ, ಅದರಲ್ಲಿ ಗಂಡಸರ ಹೆಸರೂ ಇರಲಿ.

ಐದು: ನಿಮ್ಮ ಮನೆಯಲ್ಲಿ ಕಷ್ಟವಿಲ್ಲದಿದ್ದರೆ, ಕಷ್ಟವಿರುವ ನೆರೆಮನೆಗೆ ಒಂದು ಸಂಜೆ ಹೋಗಿ ಎರಡು ಗಂಟೆಯ ಕಾಲ ರೋಗಿಯ ಬಳಿ ಕುಳಿತುಕೊಳ್ಳಿರಿ, ಆ ಮನೆಯ ತಾಯಿ ಅಷ್ಟು ಹೊತ್ತು ನೆಮ್ಮದಿಯಾಗಿ ಮಲಗಲಿ.